ಕಾಲುಚೀಲದೊಳಗಿನ ಗಾಜಿನ ಲೋಟ

ಜನವರಿ ೪, ಭಂಡಿಗಡಿ

ಥೂ. ಮೊದಲನೇ ದಿನಕ್ಕೇ ಸಾಕಾಯಿತು.

ಗೊಬ್ಬರದ ಅಂಗಡಿಯವರು ಪುಕ್ಕಟೆ ಕೊಟ್ಟ ಡೈರಿ ಇದು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಬರೆಯುವ ಚಟ ಎಂದೂ ಇರಲಿಲ್ಲ. ಆದರೆ ಇಲ್ಲಿ ಬೈಯಬೇಕೆಂದರೆ ಎದುರಿಗಿರುವುದು ಸೊಸೆ ಒಬ್ಬಳೇ. ಅವಳಿಗೆ ಎಷ್ಟು ಬೈದರೂ ನಗುತ್ತಾಳೆ. ನಗುವವರನ್ನು ಬೈದು ಎಂತ ಸುಖ? ಅದಕ್ಕೇ ಈ ಪುಸ್ತಕಕ್ಕೆ ಬೈಯುತ್ತೇನೆ.

ಸೊಸೆ ಕುಸುಮಾಳ ಅಣ್ಣ ಶಿವಮೊಗ್ಗದಲ್ಲಿ ಲಾರಿಗೆ ಬಾಡಿ ಕಟ್ಟುವವನು. ಅವನು ತಂಗಿಗೆ ಒಂದು ತಗಡಿನ ಡಬ್ಬ ಮಾಡಿಕೊಟ್ಟಿದ್ದಾನೆ. ಕೆಳಗೆ ಚಕ್ರ, ಮುಂದೆ ಕೊಂಡಿ. ಒಳಗೆ ಎರಡು ಮಂಚ, ಒಂದು ಒಲೆ, ಒಂದು ಕಕ್ಕಸು. ಟ್ರೈಲರ್ ಅಂತ ಹೆಸರು. ಇವಳು ಪಿಕಪ್ಪಿನ ಹಿಂದೆ ಅದನ್ನು ಸಿಕ್ಕಿಸಿಕೊಂಡು, ತಾನೇ ಗಾಡಿ ಬಿಟ್ಟುಕೊಂಡು, ಶೃಂಗೇರಿ ಹೊಳೆ ಕಡೆ ನಾಲ್ಕು ದಿನ, ನರಸಿಂಹರಾಜಪುರದ ಹಿನ್ನೀರಿನ ಕಡೆ ನಾಲ್ಕು ದಿನ ನಿಲ್ಲಿಸುತ್ತಾಳಂತೆ. ಊರೂರಿನವರು ಬಂದು ಅದರೊಳಗೆ ಮಲಗಿ, ಉಂಡು ಹೋಗುತ್ತಾರಂತೆ. ಮಧ್ಯೆ ಇಲ್ಲಿ ಗಜಾನನ ಭಟ್ಟರ ಖಾಲಿ ಜಾಗದಲ್ಲಿ ನಿಲ್ಲಿಸುವುದು. ನಾವಿಬ್ಬರು ಪಕ್ಕದಲ್ಲಿ ಟಾರ್ಪಾಲಿನ ಕೆಳಗೆ. ಎಸ್ಟೇಟಿನಲ್ಲಿ ಅಷ್ಟು ವರ್ಷ ಕೂಲಿ ಮಾಡಿದವಳು ನಾನು, ನನಗೂ ಒಂದು ಗೋಡೆ ಇತ್ತು.

ನನ್ನ ಮಗ ವಿಜಯನಿಗೆ ಇದು ಸುತರಾಂ ಇಷ್ಟ ಇಲ್ಲ. "ಮಳೆ ಹಿಡಿಯೋವರೆಗೆ ನೋಡ್ತೀನಿ. ಅಷ್ಟರೊಳಗೆ ನಡೀಲಿಲ್ಲ ಅಂದ್ರೆ ಚಕ್ರ ಕಿತ್ತು ಬಾಳಗಡಿ ರಸ್ತೇಲಿಟ್ಟು ಗೂಡಂಗಡಿ ಮಾಡ್ತೀನಿ" ಅಂತ ಹೆಂಡತಿಗೆ ಹೇಳಿದ. ಇವಳೂ "ಆಯ್ತು" ಅಂದಳು. ಕೊನೆಗೆ ನನ್ನನ್ನು ಹಿತ್ತಲಿಗೆ ಕರೆದು, "ನೀನೂ ಜೊತೆಗೆ ಹೋಗಮ್ಮ, ಒಂದು ಕಣ್ಣಿಟ್ಟಿರು. ಗಾಜು ಗೀಜು ಅಂತ ತುಂಬ್ಕಂಡಿದಾಳೆ, ಒಂದು ತಿಂಗಳಲ್ಲಿ ಎಲ್ಲ ಒಡೆದು ತಾನೇ ವಾಪಸ್ ಬರ್ತಾಳೆ" ಅಂದ. ಅದಕ್ಕೆ ಬಂದೆ.

ಒಲೆಗೂ ಕಕ್ಕಸಿಗೂ ನಡುವೆ ಒಂದು ತೆಳು ಹಲಗೆ. ಈ ಕಡೆ ಸಾರು ಕುದಿಯುವಾಗ ಆ ಕಡೆ ಯಾರೋ ಕೂತಿರುತ್ತಾರೆ. ಇದನ್ನು ಯೋಚನೆ ಮಾಡಿಯೇ ಊಟ ಸೇರಲಿಲ್ಲ. ನಾನು ಒಳಗಿನ ಒಲೆ ಮುಟ್ಟುವುದಿಲ್ಲ, ಪಾತ್ರೆ ತೊಳೆದು ಎತ್ತಿಡುವುದೊಂದು ಮಾಡುತ್ತೇನೆ ಅಂತ ಹೇಳಿಬಿಟ್ಟೆ.

ಜನವರಿ ೭, ಶೃಂಗೇರಿ

ಒಡೆಯಿತು! ದಾರಿಯಲ್ಲಿ ಎರಡು ತಿರುವು ದಾಟಿಲ್ಲ, ಒಳಗೆ ಢಣಾರ್ ಅಂತು. ಬೀರುವಿನ ಬಾಗಿಲು ತಾನೇ ತೆರೆದುಕೊಂಡು ಲೋಟಗಳು ಒಂದರ ಮೇಲೊಂದು ಬಿದ್ದಿದ್ದವು. ಹಾಸಿಗೆಯ ಮೇಲೆಲ್ಲ ಗಾಜಿನ ಚೂರು.

"ಸ್ಟೀಲ್ ಲೋಟ ಸತ್ತು ಹೋಗಿದ್ವನೇ ಲೋಕದಲ್ಲಿ?" ಅಂದೆ.

"ಸ್ಟೀಲಿನಲ್ಲಿ ಕೊಟ್ರೆ ಬಂದವರಿಗೆ ಮನೆ ನೆನಪಾಗ್ತದೆ ಅತ್ತೆ. ಅವರು ಮನೆ ಮರೀಲಿಕ್ಕೆ ಬರೋದು" ಅಂದಳು. ಹೇಳಿ ನಕ್ಕಳು.

ಇವಳ ಬಾಯಿಗೆ ಉತ್ತರ ಎಲ್ಲಿಂದ ಬರುತ್ತದೋ. ಚೂರು ಗುಡಿಸುವಾಗ ಬೆರಳು ಕೊಯ್ದುಕೊಂಡಳು. ನಾನು ನೋಡದವಳ ಹಾಗೆ ಮಾಡಿದೆ.

ಜನವರಿ ೯, ಶೃಂಗೇರಿ

ಇವತ್ತು ಕಂಡಿದ್ದನ್ನು ಬರೆಯಲಿಕ್ಕೂ ವಾಕರಿಕೆ ಬರುತ್ತದೆ.

ಕುಸುಮಾ ಫೋನಿನಲ್ಲಿ ಏನೋ ನೋಡಿಕೊಂಡು ಪೇಟೆಗೆ ಹೋಗಿ ಬಂದಳು. ತಂದಿದ್ದೆಂತದು? ಕಾಲುಚೀಲ! ಒಂದು ಕಟ್ಟು ಕಾಲುಚೀಲ. ಕೂತುಕೊಂಡು ಒಂದೊಂದು ಗಾಜಿನ ಲೋಟವನ್ನು ಒಂದೊಂದು ಕಾಲುಚೀಲದೊಳಗೆ ತುರುಕತೊಡಗಿದಳು.

"ಎಂತ ಮಾಡ್ತಿದೀಯೇ?"

"ಹೀಗೆ ಹಾಕಿದ್ರೆ ಒಂದಕ್ಕೊಂದು ತಾಗಲ್ಲ ಅತ್ತೆ. ತಟ್ಟೆಗಳನ್ನ ಮಲಗ್ಸದಲ್ಲ, ಪುಸ್ತಕದ ಹಾಗೆ ನಿಲ್ಸದು. ನಡುನಡುವೆ ಬಟ್ಟೆ. ಭಾರದ್ದೆಲ್ಲ ಕೆಳಗೆ, ಚಕ್ರದ ಮೇಲಿನ ಪೆಟ್ಟಿಗೇಲಿ. ಗಾಡಿಯ ಹಿಂದಿನ ತುದಿ ಜಾಸ್ತಿ ಕುಣೀತದೆ, ಅಲ್ಲಿ ಗಾಜು ಇಡಬಾರ್ದಂತೆ."

"ಅದಲ್ಲ ಮಾರಾಯ್ತಿ! ಕಾಲಿಗೆ ಹಾಕೋ ಚೀಲದಲ್ಲಿ ಬಾಯಿಗಿಡೋ ಲೋಟವಾ?"

"ಹೊಸದು ಅತ್ತೆ. ಯಾರೂ ಹಾಕ್ಕಂಡಿಲ್ಲ."

"ಹೊಸ ಪೊರಕೆ ಅಂತ ಅದ್ರಲ್ಲಿ ಅನ್ನ ಬಡಿಸ್ತೀಯನೇ?"

ಎಲ್ಲ ಲೋಟ ಹೊರಗೆ ತೆಗೆಸಿ ಮತ್ತೆ ತೊಳೆದೆ. ಕಾಲುಚೀಲದ ಕಟ್ಟನ್ನು ಪಿಕಪ್ಪಿನ ಸೀಟಿನ ಕೆಳಗೆ ಎಸೆದೆ. ಗಾಜು ಕಟ್ಟುವುದು ಹೇಗೆ ಅಂತ ನನಗೂ ಬುದ್ಧಿ ಇದೆ.

ಜನವರಿ ೧೩, ಭಂಡಿಗಡಿ

ಭಟ್ಟರ ತೋಟದಲ್ಲಿ ಬಿದ್ದ ಒಳ್ಳೆ ಅಡಿಕೆ ಹಾಳೆ ಆರಿಸಿ ತಂದೆ. ನೀರಲ್ಲಿ ನೆನೆಹಾಕಿದರೆ ಹಾಳೆ ಚರ್ಮದ ಹಾಗೆ ಬಾಗುತ್ತದೆ. ಒಂದೊಂದು ಲೋಟಕ್ಕೂ ಸುತ್ತಿ, ಬಾಳೆನಾರಲ್ಲಿ ಕಟ್ಟಿ, ಪೆಟ್ಟಿಗೆಯಲ್ಲಿಟ್ಟು ಮುಚ್ಚಿದೆ. ಭಟ್ಟರು ನೋಡಿ "ಶಾಂತಕ್ಕ, ಭಾರೀ ಕೆಲಸಗಾರ್ತಿ ನೀವು" ಅಂದರು. ಕಾಲುಚೀಲವಂತೆ, ಕಾಲುಚೀಲ.

ಜನವರಿ ೧೯, ನರಸಿಂಹರಾಜಪುರ

ಗುಂಡಿ ರಸ್ತೆಯಲ್ಲಿ ಬಂದರೂ ಒಂದೂ ಒಡೆಯಲಿಲ್ಲ. ಬೀಗುತ್ತಲೇ ಪೆಟ್ಟಿಗೆ ತೆರೆದೆ. ಗಬ್ಬು ವಾಸನೆ ಮುಖಕ್ಕೆ ಹೊಡೆಯಿತು. ಒದ್ದೆ ಹಾಳೆ ಒಳಗೇ ಬೆಂದು ಬೂಷ್ಟು ಹಿಡಿದಿತ್ತು. ಲೋಟದ ಬಾಯಿಗೆಲ್ಲ ಬೆಕ್ಕಿನ ಮೀಸೆಯಂಥ ಬಿಳೀ ರೋಮ. ತೊಳೆದೆ. ಸೀಗೆಪುಡಿ ಹಾಕಿ ಮತ್ತೆ ತೊಳೆದೆ. ಆದರೂ ತುಮಕೂರಿಂದ ಬಂದಿದ್ದ ಹೆಂಗಸು ಲೋಟ ಎತ್ತಿದ್ದೇ ಮೂಗು ಮುರಿದು, "ಇದೇನು, ಹಳೇ ಛತ್ರಿ ವಾಸನೆ" ಅಂದಳು.

ಕುಸುಮಾ ಅವಳಿಗೆ "ನನ್ನ ತಪ್ಪು ಮೇಡಂ, ಒಣಗಿಸದೆ ಇಟ್ಟುಬಿಟ್ಟೆ" ಅಂದಳು.

ನನ್ನ ಹೆಸರು ಹೇಳಲಿಲ್ಲ. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಹಾಳಾದವಳು.

ಜನವರಿ ೨೩, ನರಸಿಂಹರಾಜಪುರ

ಬಂದವರದ್ದು ಒಬ್ಬೊಬ್ಬರದ್ದು ಒಂದೊಂದು ಹೇಸಿಗೆ. ಬೆಂದ ಮೊಟ್ಟೆಯ ಸಿಪ್ಪೆಯನ್ನು ಪಾಯಸದ ಬಟ್ಟಲಿಗೆ ಹಾಕುತ್ತಾರೆ. ನಾಯಿಯನ್ನು ತಂದು ನಮ್ಮ ತಟ್ಟೆಯಲ್ಲೇ ಅನ್ನ ಇಡುತ್ತಾರೆ. ನಾಯಿಗೆ ಬೇರೆ ಹೆಸರು, "ಕುಕ್ಕಿ ಬೇಬಿ, ತಿನ್ನಮ್ಮ" ಅಂತ.

ಆ ತಟ್ಟೆಯನ್ನು ಹಿನ್ನೀರಿಗೆ ಎಸೆದೆ. "ಒಡೀತಾ ಅತ್ತೆ?" ಅಂತ ಕೇಳಿದಳು. "ಹ್ಞೂಂ" ಅಂದೆ.

ಫೆಬ್ರವರಿ ೨, ಶೃಂಗೇರಿ

ಎಸ್ಟೇಟಿನಲ್ಲಿ ಕೊಟ್ಟಿದ್ದ ಕಂಬಳಿ ಒಂದಿತ್ತು. ಹಳೇದಾಯಿತು, ಇಲಿ ಕಡಿಯುವುದಕ್ಕಿಂತ ಆಗಲಿ ಅಂತ ಕತ್ತರಿಸಿ ಲೋಟಕ್ಕೆ ಚೀಲ ಹೊಲಿದೆ. ಹಳೇದೇನೂ ಆಗಿರಲಿಲ್ಲ. ಇರಲಿ.

ಲೋಟ ಒಡೆಯಲಿಲ್ಲ. ಆದರೆ ಕಂಬಳಿಯ ಕೂದಲು ಗಾಜಿಗೆ ಅಂಟಿಕೊಂಡು, ಒಬ್ಬ ಹುಡುಗಿಯ ನಿಂಬೆಹಣ್ಣಿನ ಶರಬತ್ತಿನಲ್ಲಿ ತೇಲಿತು. "ಅಜ್ಜಿ, ಜ್ಯೂಸಿನಲ್ಲಿ ಕೂದಲು" ಅಂತ ಲೋಟ ತಂದು ನನ್ನ ಮುಂದೆ ಹಿಡಿದಳು. ಕುರಿಯದ್ದು ಕೂಸೇ ಅಂದೆ. ಅವಳ ತಾಯಿ ಹೊರಗೆ ಹೋಗಿ ವಾಂತಿ ಮಾಡಿಕೊಂಡಳು. ಬೆನ್ನು ಸವರಿದ್ದು ಕುಸುಮಾ. ಎರಡು ದಿನ ಇರಬೇಕಾಗಿದ್ದವರು ಅವತ್ತೇ ಗಂಟು ಕಟ್ಟಿದರು.

ಫೆಬ್ರವರಿ ೩

ಮಾತಿಲ್ಲ. ಅವಳೂ ಆಡಲಿಲ್ಲ, ನಾನೂ ಆಡಲಿಲ್ಲ.

ಫೆಬ್ರವರಿ ೬, ಭಂಡಿಗಡಿ

ಕಕ್ಕಸಿನ ಡಬ್ಬ ತುಂಬಿತ್ತು. ಅದನ್ನು ಎಳೆದು, ಗುಂಡಿಗೆ ಸುರಿದು, ತೊಳೆದು ಮತ್ತೆ ಸಿಕ್ಕಿಸಬೇಕು. ಯಾರನ್ನಾದರೂ ಕರೆಯಬಹುದಿತ್ತು. ತಾನೇ ಮಾಡಿದಳು. ಇನ್ನೊಬ್ಬರ ಕೈಲಿ ಇದನ್ನು ಹೊರಿಸಬಾರದಂತೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಆ ಭಾರ ಹೊತ್ತುಕೊಂಡು, ಅರ್ಧ ದಾರಿಯಲ್ಲಿ ನಿಂತು ಕಣ್ಣೊರೆಸಿಕೊಂಡು. ವಾಸನೆಗೆ ಕಣ್ಣು ಉರಿಯುತ್ತದೆ.

ಅಸಹ್ಯ. ನೋಡಲಿಕ್ಕಾಗಲಿಲ್ಲ. ಬಿಸಿನೀರು ಕಾಯಿಸಿಟ್ಟೆ, ಸೀಗೆಪುಡಿ ಇಟ್ಟೆ. ಆ ವಾಸನೆಯಲ್ಲಿ ಬಂದು ಪಕ್ಕದಲ್ಲಿ ಕೂತರೆ ನನಗೆ ತಾನೇ ಕಷ್ಟ.

ಫೆಬ್ರವರಿ ೧೮, ಕೊಪ್ಪ

ಬಿಪಿ ಮಾತ್ರೆಗೆ ಅಂತ ಕೊಪ್ಪಕ್ಕೆ ಬಂದೆ. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಬಟ್ಟೆ ಅಂಗಡಿ. ನಿಂತು ಯೋಚನೆ ಮಾಡಿದೆ. ಕಾಲುಚೀಲ ಅನ್ನುವುದು ಯಾಕೆ? ಕಾಲಿಗೆ ಹಾಕುವುದಕ್ಕೆ. ಕಾಲಿಗೆ ಹಾಕದೇ ಇದ್ದರೆ? ಬರೀ ಚೀಲ. ಅಕ್ಕಿ ಚೀಲ, ಸಂಚಿ ಚೀಲ ಇಲ್ಲವಾ, ಹಾಗೆ ಅದೂ ಒಂದು ಚೀಲ. ಕುಸುಮಾ ತಂದಿದ್ದರಲ್ಲಿ ದೊಡ್ಡವರ ಹಿಮ್ಮಡಿಯ ಆಕಾರ ಎದ್ದು ಕಾಣುತ್ತಿತ್ತು, ಅದೇ ನನಗೆ ಹೇಸಿಗೆ ಆಗಿದ್ದು. ಎಳೇ ಮಕ್ಕಳದ್ದು ಹಾಗಲ್ಲ, ಸೀದಾ ಚೀಲದ ಹಾಗೇ ಇರುತ್ತದೆ.

ತುಂಬಾ ಜೋಡಿ ತೆಗೆದುಕೊಂಡೆ. ಅಂಗಡಿಯ ಸರೋಜ "ಮೊಮ್ಮಕ್ಕಳಿಗಾ ಶಾಂತಕ್ಕ? ಅವಳಿ ಜವಳಿಯಾ?" ಅಂದಳು.

"ಲೋಟಕ್ಕೆ" ಅಂದೆ.

ಬಾಯಿ ಬಿಟ್ಟುಕೊಂಡು ನಿಂತಳು. ನಿಲ್ಲಲಿ.

ಗಾಡಿಗೆ ಬಂದು ಒಂದೊಂದಾಗಿ ಬಿಸಿನೀರಲ್ಲಿ ಕುದಿಸಿ, ಬಿಸಿಲಲ್ಲಿ ಎರಡು ದಿನ ಒಣಗಿಸಿದ ಮೇಲೇ ಲೋಟಕ್ಕೆ ಹಾಕುವುದು ಅಂತ ಕುಸುಮಾಗೆ ತಾಕೀತು ಮಾಡಿದೆ. ಕಾಲುಚೀಲ ಅನ್ನುವ ಮಾತು ಎತ್ತಕೂಡದು. "ಲೋಟದ ಚೀಲ" ಅಂತ ಹೇಳುವುದು.

"ಆಯ್ತು ಅತ್ತೆ, ಲೋಟದ ಚೀಲ" ಅಂದಳು. ಕೆಳಗೆ ನೋಡಿಕೊಂಡು ನಗುತ್ತಿದ್ದಳು, ನನಗೆ ಕಾಣುವುದಿಲ್ಲ ಅಂತ ತಿಳಿದಿದ್ದಾಳೆ.

ಮಾರ್ಚ್ ೫, ಶೃಂಗೇರಿ

ಒಡೆಯಲಿಲ್ಲ, ನಾರಲಿಲ್ಲ, ಕೂದಲಿಲ್ಲ. ಬೀರುವಿನ ಬಾಗಿಲಿಗೆ ಅಡ್ಡ ಒಂದು ಸರಳು ಹಾಕಿಸಿದ್ದೇವೆ, ಸ್ಕ್ರೂ ತಿರುಗಿಸಿ ಬಿಗಿ ಮಾಡುವುದು. ತಟ್ಟೆಯ ಕೆಳಗೆ ಜಾರದ ರಬ್ಬರ್ ಹಾಸು. ಹೊರಟು ಮೊದಲ ತಿರುವು ದಾಟಿದ ಮೇಲೆ ಗಾಡಿ ನಿಲ್ಲಿಸಿ, ಇಳಿದು, ಒಳಗೆ ಒಂದು ಸಲ ನೋಡಲೇಬೇಕು. ಅವಳು ಮರೆಯುತ್ತಾಳೆ. ನಾನು ಮರೆಯುವುದಿಲ್ಲ.

"ನಿಧಾನ ಬಿಡೇ, ನನ್ನ ತಟ್ಟೆ ಒಳಗಿದಾವೆ" ಅಂತ ಇಡೀ ದಾರಿ ಕೂಗಿ ಗಂಟಲು ಬಿತ್ತು.

ಮುಂದಿನ ಶನಿವಾರ ಭಾನುವಾರ ಎಲ್ಲ ಭರ್ತಿಯಂತೆ. ಬಂದು ಹೋದವರು ಇನ್ನೊಬ್ಬರಿಗೆ ಹೇಳಿದ್ದಂತೆ. ಅವರ ಹೇಸಿಗೆ ತೊಳೆಯುವವಳು ನಾನು, ನನ್ನನ್ನು ಕೇಳಿದವರಿಲ್ಲ.

ಮಾರ್ಚ್ ೨೧, ನರಸಿಂಹರಾಜಪುರ

ವಿಜಯನ ಫೋನ್.

"ಎಂತಮ್ಮ, ಎಷ್ಟು ಒಡೀತು?"

"ಎಂತಕ್ಕೆ ಒಡೀತದೆ? ಒಂದೂ ಇಲ್ಲ."

ಆಮೇಲೆ ಅಂತಾನೆ, "ಅದೆಂತದೋ ಸರಳು ಹಾಕ್ಸಿದೀರಂತಲ್ಲ. ಹೊರಡುವಾಗ ಒಂದು ಸುತ್ತು ಸಡಿಲ ಬಿಡಮ್ಮ. ಯಾರಿಗೂ ಗೊತ್ತಾಗಲ್ಲ. ಒಂದು ಸಲ ಎಲ್ಲ ಹೋದ್ರೆ ಮತ್ತೆ ತರಲ್ಲ ಅವಳು."

ಸಿಗ್ನಲ್ ಇಲ್ಲ ಅಂತ ಹೇಳಿ ಇಟ್ಟೆ.

ಊಟ ಮಾಡಬೇಕು ಅನ್ನಿಸಲಿಲ್ಲ. ಪಿತ್ತ ಇರಬೇಕು.

ಮಾರ್ಚ್ ೨೩

ಹೊರಡುವ ಮುಂಚೆ ಸರಳು ಬಿಗಿ ಮಾಡಿದೆ. ಗಾಡಿ ಹತ್ತಿದವಳು ಇಳಿದು ಹೋಗಿ ಇನ್ನೊಮ್ಮೆ ಬಿಗಿ ಮಾಡಿದೆ. ಕುಸುಮಾ "ಎಂತ ಅತ್ತೆ?" ಅಂದಳು. "ನಿನ್ನ ಕೆಲಸ ನೋಡು" ಅಂದೆ.

ಏಪ್ರಿಲ್ ೮, ಭಂಡಿಗಡಿ

ಎಲ್ಲ ಬರೆಯಬೇಕು. ಬರೆಯದಿದ್ದರೆ ಹೊಟ್ಟೆಯೊಳಗೆ ಹುಳಿಯಾಗುತ್ತದೆ.

ಬೆಳಿಗ್ಗೆ ಕುಸುಮಾ ಗ್ಯಾಸ್ ಸಿಲಿಂಡರ್ ತರಲಿಕ್ಕೆ ಪಿಕಪ್ ತೆಗೆದುಕೊಂಡು ಕೊಪ್ಪಕ್ಕೆ ಹೋದಳು. ನಾನು ಭಟ್ಟರ ಮನೆಗೆ ಹೋಗಿ, ಅವರ ಹೆಂಡತಿ ಸುಬ್ಬಲಕ್ಷ್ಮಮ್ಮನ ಹತ್ತಿರ ಹುಣಸೆಹಣ್ಣು ಇಸಕೊಂಡು ಬಂದೆ. ಬಂದು ನೋಡಿದರೆ ಗಾಡಿಯ ಬಾಗಿಲು ಹಾರು ಹೊಡೆದಿದೆ. ಒಳಗೆ ವಿಜಯ, ಅವನ ದೋಸ್ತ್ ಶಶಾಂಕ. ಹಾಸಿಗೆಯ ಮೇಲೆ ಚಪ್ಪಲಿ ಕಾಲು. ನನ್ನ ಲೋಟಗಳು ಚೀಲದಿಂದ ಹೊರಗೆ, ಅದರಲ್ಲಿ ಸಾರಾಯಿ. ಪಾಯಸದ ಬಟ್ಟಲಲ್ಲಿ ಕೋಳಿ ಮೂಳೆ.

"ಬಾ ಅಮ್ಮ, ಕೂತ್ಕ" ಅಂದ ವಿಜಯ, ನನ್ನದೇ ಮನೆಗೆ ನನ್ನನ್ನು ಕರೆದ ಹಾಗೆ.

"ಗಾಡಿ ಭಾರೀ ಚೆಂದ ಇದೆ ಅಮ್ಮಾ" ಅಂದ ಶಶಾಂಕ. "ಈ ಕಿಟಕಿ ಒಂದು ದೊಡ್ಡದು ಮಾಡಿದ್ರೆ ಆಮ್ಲೆಟ್ ಕೌಂಟರ್ ಆಗ್ತದೆ."

ಅವನ ಕೈಯಲ್ಲಿ ಪಿಂಗಾಣಿ ಕಪ್ ಇತ್ತು. ಟೀ ಅಂದುಕೊಂಡೆ. ಅದನ್ನು ಬಾಯಿಯ ಹತ್ತಿರ ತಂದು, ಗುಟ್ಕಾ ಉಗಿದ. ಕಪ್ಪನ್ನು ವಿಜಯನಿಗೆ ಕೊಟ್ಟ. ಇವನೂ ಉಗಿದ. ಎಳೆ ಎಳೆಯಾಗಿ ಕೆಂಪು, ಬಿಳೀ ಅಂಚಿನ ಮೇಲೆ. ನಾನು ಹೆತ್ತ ಮಗ.

"ಅದು ಜನ ಬಾಯಿಗಿಡೋ ಕಪ್ಪು ಕಣೋ" ಅಂದೆ.

"ತೊಳೆದ್ರಾತು ಬಿಡಮ್ಮ. ತೊಳೀಲಿಕ್ಕೆ ನೀನಿದೀಯಲ್ಲ."

ಆಮೇಲೆ ವಿಷಯ ಹೇಳಿದ. ಬಾಡಿಗೆಗೆ ಓಡಿಸುವ ಕುಮಾರನ ಜೀಪು ಈಗ ಬರುತ್ತದೆ. ಕುಸುಮಾ ಕೊಪ್ಪದಿಂದ ಬರುವುದರೊಳಗೆ ಡಬ್ಬವನ್ನು ಬಾಳಗಡಿಗೆ ಎಳೆದುಕೊಂಡು ಹೋಗುವುದು.

"ಮಳೆ ಹಿಡಿಯೋವರೆಗೆ ಅಂದಿದ್ದೆಯಲ್ಲ?"

"ಯಾರು ಕಾಯ್ತಾರೆ ಅಷ್ಟು ದಿನ. ನೀನು ಆ ಗಾಜೆಲ್ಲ ಚೀಲಕ್ಕೆ ತುಂಬಿಬಿಡು, ನಿಂಗೆ ರೂಢಿ ಇದೆ. ಒಡೆದ್ರೆ ಅವಳ ಬಾಯಿ ಕೇಳಕ್ಕಾಗಲ್ಲ."

ನಾನು ಒಳಗೆ ಹೋದೆ. ಸರಳು ಬಿಚ್ಚಿದೆ. ಎಲ್ಲ ತೆಗೆದೆ. ಉಪಯೋಗಿಸಿದ್ದು, ಉಪಯೋಗಿಸದ್ದು, ತಟ್ಟೆ, ಬಟ್ಟಲು, ಲೋಟ, ಜಗ್ಗು, ಉಪ್ಪಿನಕಾಯಿ ಭರಣಿ, ಒಂದನ್ನೂ ಬಿಡಲಿಲ್ಲ. ನಲ್ಲಿಯ ಬುಡಕ್ಕೆ ತಂದು ಕೂತು ತೊಳೆಯತೊಡಗಿದೆ.

"ಎಂತ ಮಾಡ್ತಿದೀಯ?" ಅಂತ ಬಂದ.

"ಎಂಜಲು."

"ಎಲ್ಲಾನೂ ಯಾಕೆ?"

"ಯಾವುದಕ್ಕೆ ಉಗಿದಿದೀರೋ ಯಾವುದಕ್ಕೆ ಇಲ್ವೋ, ನಂಗೇನು ಗೊತ್ತು?"

ತೊಳೆದದ್ದನ್ನು ಒಣಗಿಸಬೇಕು. ಒದ್ದೆ ಪಾತ್ರೆ ಪೆಟ್ಟಿಗೆಯಲ್ಲಿ ಮುಚ್ಚಿದರೆ ಎಂತ ಆಗುತ್ತದೆ ಅಂತ ನೋಡಿದವಳು ನಾನು. ನನ್ನ ಎರಡು ಸೀರೆ ಹಾಸಿ ಹರಡಿದೆ. ಜಾಗ ಸಾಲಲಿಲ್ಲ. ಚಕ್ರದ ಸುತ್ತ ಹರಡಿದೆ, ಕೊಂಡಿಯ ಮುಂದೆ ಹರಡಿದೆ, ದಾರಿಯವರೆಗೂ ಹರಡಿದೆ. ಬಿಸಿಲು ಇದ್ದಿದ್ದು ಅಲ್ಲೇ.

ಜೀಪು ಬಂತು. ಕುಮಾರ ತಲೆ ಹೊರಗೆ ಹಾಕಿ, "ವಿಜಯಣ್ಣ, ಎಲ್ಲಿ ಹಿಂದೆ ತಗೊಳ್ಳದು? ಪೂರ್ತಿ ತಟ್ಟೆ" ಅಂದ.

"ತಡಿ, ತೆಗೀತೀನಿ" ಅಂತ ವಿಜಯ ಬಗ್ಗಿ ನಾಲ್ಕು ತಟ್ಟೆ ಎತ್ತಿದ. ನಾನು ಅವನ ಕೈಯಿಂದ ಇಸಕೊಂಡೆ.

"ಗುಟ್ಕಾ ಕೈ. ಮತ್ತೆ ತೊಳೀಬೇಕು." ತೊಳೆದು ತಂದು ಅಲ್ಲೇ ಇಟ್ಟೆ. ಅವನು ಇನ್ನೆರಡು ಎತ್ತಿದ. ಅದನ್ನೂ ಇಸಕೊಂಡು ತೊಳೆದು ಅಲ್ಲೇ ಇಟ್ಟೆ. ಹೀಗೆ ಎಷ್ಟು ಸಲವೋ. ಕುಮಾರ ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಗುತ್ತಿದ್ದ. ಭಟ್ಟರು ಬೇಲಿಯ ಹತ್ತಿರ ಬಂದು ನಿಂತರು.

"ಹತ್ತಿಸೋ ಗಾಡಿ!" ಅಂತ ವಿಜಯ ಕಿರುಚಿದ. "ಒಡೆದ್ರೆ ಒಡೀಲಿ!"

"ಊಟ ಮಾಡೋ ತಟ್ಟೆ ಮೇಲೆ ಗಾಲಿ ಹತ್ತಿಸಕ್ಕಾಗಲ್ಲ ಮಾರಾಯ" ಅಂದ ಕುಮಾರ. "ನಂಗೂ ಮನೇಲಿ ಮಕ್ಕಳಿದಾವೆ." ಜೀಪು ತಿರುಗಿಸಿದ. ಶಶಾಂಕ ಓಡಿ ಹೋಗಿ ಅದನ್ನೇ ಹತ್ತಿದ.

ವಿಜಯ ನನ್ನ ಎದುರಿಗೆ ನಿಂತ. "ಅಮ್ಮ, ಒಂದು ಮಾತು ಹೇಳು. ನೀನು ಯಾರ ಕಡೆ?"

"ನಾನು ಯಾರ ಕಡೆಯೂ ಅಲ್ಲ. ತಟ್ಟೆ ಒದ್ದೆ ಇದೆ."

"ಹಂಗಾದ್ರೆ ಅವಳ ಜೊತೆಗೇ ಬಿದ್ದಿರು. ಮನೆ ಬಾಗ್ಲಿಗೆ ಬರಬೇಡ."

ಹೋದ. ಗುಟ್ಕಾ ಉಗಿದ ಕಪ್ಪನ್ನು ಮಾತ್ರ ನಾನು ತೊಳೆಯಲಿಲ್ಲ. ಕಕ್ಕಸಿನ ಗುಂಡಿಗೆ ಹಾಕಿ ಮಣ್ಣು ಎಳೆದೆ.

ಕುಸುಮಾ ಬಂದಾಗ ಬಿಸಿಲು ಇಳಿದಿತ್ತು. "ಎಂತ ಅತ್ತೆ ಇದು, ಪಾತ್ರೆ ಅಂಗಡಿ ಇಟ್ಟಿದೀರಾ?"

"ಧೂಳು ಹಿಡಿದಿತ್ತು. ಸಿಲಿಂಡರ್ ತರಲಿಕ್ಕೆ ಇಷ್ಟು ಹೊತ್ತನೇ?"

ಒಂದೊಂದಾಗಿ ಚೀಲಕ್ಕೆ ತುಂಬಿದೆವು. "ಒಂದು ಕಪ್ ಕಡಿಮೆ ಇದೆ" ಅಂದಳು. "ಒಡೀತು" ಅಂದೆ. ಅವಳು ಮಣ್ಣಿನ ಮೇಲಿದ್ದ ಜೀಪಿನ ಗಾಲಿಯ ಗುರುತು ನೋಡಿದಳು, ಭಟ್ಟರ ಬೇಲಿಯ ಕಡೆ ನೋಡಿದಳು, ನನ್ನನ್ನು ನೋಡಿದಳು. ಇವತ್ತು ನಗಲಿಲ್ಲ.

ನನಗೇನೂ ಅವಳ ಮೇಲೆ ಪ್ರೀತಿ ಉಕ್ಕಿ ಮಾಡಿದ್ದಲ್ಲ. ಎಂಜಲು ಕಂಡರೆ ನನಗಾಗುವುದಿಲ್ಲ, ಅಷ್ಟೆ.

ಏಪ್ರಿಲ್ ೧೧

ಭಟ್ಟರು ಎಲ್ಲ ಹೇಳಿದ್ದಾರೆ. ಬಾಯಿ ಸುಮ್ಮನಿರುವುದಿಲ್ಲ ಆ ಮನುಷ್ಯನದ್ದು. ಕುಸುಮಾ ಕೊಂಡಿಗೆ ದೊಡ್ಡ ಬೀಗ ಹಾಕಿಸಿದಳು. ರಾತ್ರಿ ಊಟಕ್ಕೆ ಮೊದಲು ಅನ್ನ ನನ್ನ ತಟ್ಟೆಗೇ ಬಡಿಸಿದಳು. ಒಳಗಿನ ಒಲೆಯಲ್ಲಿ ಮಾಡಿದ್ದು. ತಿಂದೆ. ಉಪ್ಪು ಕಡಿಮೆ.

ಮೇ ೨೮, ನರಸಿಂಹರಾಜಪುರ

ನಿನ್ನೆಯಿಂದ ಮಳೆ ಹಿಡಿಯಿತು. ನಮ್ಮ ಗಾಡಿಯಲ್ಲಿ ಒಂದು ಹನಿ ಸೋರಲಿಲ್ಲ. ಕೊನೆಯ ಗಿರಾಕಿಗಳು ಮಧ್ಯಾಹ್ನ ಹೋದರು. ಹಾಸಿಗೆಯ ಕೆಳಗೆ ಬಾಳೆಹಣ್ಣಿನ ಸಿಪ್ಪೆ ಬಿಟ್ಟು ಹೋಗಿದ್ದಾರೆ, ಕೊಳಕರು. ನಾಳೆ ಭಂಡಿಗಡಿಗೆ ಹೋಗಿ ಭಟ್ಟರ ಅಡಿಕೆ ಸುಲಿಯುವ ಶೆಡ್ಡಿನಲ್ಲಿ ನಿಲ್ಲಿಸುವುದು. ಅಕ್ಟೋಬರಿಗೆ ಈಗಲೇ ಇಬ್ಬರು ಕೇಳಿದ್ದಾರಂತೆ. ಅಷ್ಟರೊಳಗೆ ಗುಂಡಿಗೆ ಹಾಕಿದ ಆ ಕಪ್ಪಿನ ಬದಲಿಗೆ ಒಂದು ಹುಡುಕಬೇಕು, ಸೆಟ್ಟು ಒಡೆದ ಹಾಗೆ ಕಾಣುತ್ತದೆ.

ಪಾತ್ರೆ ತೊಳೆದಿಟ್ಟು ಬಾಗಿಲಲ್ಲಿ ಕೂತಿದ್ದೆ. ಕುಸುಮಾ ಫೋನ್ ಹಿಡಿದುಕೊಂಡು ಬಂದಳು.

"ಅತ್ತೆ, ನಿಮ್ಮ ಮಗ. ಮಳೆ ಹಿಡೀತಲ್ಲ, ಅಮ್ಮ ಮನೆಗೆ ಬರಲಿ, ಕರ್ಕಂಡು ಹೋಗ್ತೀನಿ ಅಂತಿದಾರೆ. ನಿಮ್ಮ ಹತ್ರ ಮಾತಾಡ್ಬೇಕಂತೆ."

"ಕೈ ಮುಸುರೆ, ಆಮೇಲೆ ಅನ್ನು" ಅಂದೆ.

ಅವಳು ನನ್ನ ಕೈ ನೋಡಿದಳು. ಫೋನಿಗೆ, "ಅವರ ಕೈ ಮುಸುರೆಯಂತೆ ಕಣ್ರೀ" ಅಂದಳು.

ಮುಸುರೆ ತೊಳೆದು ಆಗಲೇ ತುಂಬಾ ಹೊತ್ತಾಗಿತ್ತು. ಕೈ ಒಣಗಿಯೂ ಆಗಿತ್ತು.